ಯಾವ ಹುಳಿ

ಮೊದಲ ಸಲ ಬೂಷ್ಟು ಬಂತು.
ನೀಲಿಯೂ ಅಲ್ಲ, ಹಸಿರೂ ಅಲ್ಲ,
ಹಳೆ ಟಿಕೆಟ್ ಕಟ್ಟಿನ ರಟ್ಟಿನ ಬಣ್ಣ.
ಎಮ್ಮೆ ಕೂಡ ಮೂಸಲಿಲ್ಲ.

ಎರಡನೆಯ ಸಲ ಮುಚ್ಚಳ ಬಿಗಿದಿದ್ದೆ.
ನಾನು ಸತ್ಯಮಂಗಲದ ಡಿಪೋದಲ್ಲಿ ಲೆಕ್ಕ ಒಪ್ಪಿಸುವ ಹೊತ್ತಿಗೆ
ಇಲ್ಲಿ ತಾಳವಾಡಿಯಲ್ಲಿ ಜಾಡಿ ಸಿಡಿದು
ಅಟ್ಟದ ಈರುಳ್ಳಿಗೆಲ್ಲ ರಾಗಿಯ ಅಭಿಷೇಕ.
ಪುಟ್ಟನಂಜಿ ಬೈಯಲಿಲ್ಲ.
ಪೊರಕೆ ತಂದು ಕೈಗೆ ಕೊಟ್ಟಳು.

ಮೂರನೆಯದಕ್ಕೆ ಕೇತಮ್ಮನನ್ನು ಹುಡುಕಿಕೊಂಡು ಹೋದೆ,
ತಲಮಲೆ ದಾರಿಯಲ್ಲಿ, ಪೋಡಿನ ಕೊನೇ ಮನೆ.
ಎಷ್ಟು ರಾಗಿ ಅಂದರೆ, ಬೇಕಾದಷ್ಟು.
ಎಷ್ಟು ನೀರು ಅಂದರೆ, ಅದು ಕುಡಿಯೋವಷ್ಟು.
ಎಷ್ಟು ಬಿಸಿ?
ಬೆರಳು ಅದ್ದಿದರೆ ಮೂರು ಎಣಿಸಿ ಆಮೇಲೆ ಬೈಬೇಕು.

ನಾನೋ, ಇಪ್ಪತ್ತೆರಡು ವರ್ಷ
ಐವತ್ತು ಪೈಸೆ ಬಾಕಿಯನ್ನೂ ಟಿಕೆಟ್ಟಿನ ಬೆನ್ನಿಗೆ ಬರೆದ ಕಂಡಕ್ಟರ್.
ಜೇಬಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ನು.
"ಪೆನ್ನು ತೆಗಿ ಕನಪ್ಪ," ಅಂದಳು,
"ಆ ಕಿವಿಗೆ ಬೇರೆ ಕೆಲ್ಸ ಅದೆ."

ನೆನೆದ ರಾಗಿ ಗೋಣಿಯೊಳಗೆ ಎರಡು ರಾತ್ರಿ.
ಬಿಚ್ಚಿದರೆ ಕಾಳಿಗೊಂದು ಬಿಳಿ ಬಾಲ,
ಒಂದಕ್ಕೊಂದು ತೆಕ್ಕೆ ಬಿದ್ದು
ಇಡೀ ಗೋಣಿ ಒಂದೇ ಮೈ.
ಬಿಡಿಸಿದೆವು, ಒಣಗಿಸಿದೆವು, ಬೀಸಿದೆವು.
ಗಡಿಗೆ ಮಾತ್ರ ಸಣ್ಣದು, ನಾಲ್ಕು ಲೋಟದ್ದು.
ಕೆಟ್ಟರೆ ಅಳುವುದೂ ಸಣ್ಣದಿರಲಿ, ಅಂತ ಅವಳ ಲೆಕ್ಕ.
ಗಂಜಿಗೆ ಹಿಟ್ಟು ಕದಡಿ, ಮೇಲೆ
ಬೀಸದ ಮೊಳಕೆ ಒಂದು ಹಿಡಿ ತೂರಿ,
ಕಂಬಳಿ ಸುತ್ತಿ ಒಲೆಯ ಮಗ್ಗುಲಿಗೆ ಮಡಗಿದೆವು.
ಹುಳಿ ಬರಲಿ ಮೊದಲು.
ಅಮಲಿಗೇನು ಅವಸರ.

ಎರಡು ದಿನ ಕಳೆದು ಹೋದಾಗ
ಅವಳು ಗಡಿಗೆಯನ್ನು ಮೂಸಲಿಲ್ಲ, ಬೆರಳದ್ದಿ ನೆಕ್ಕಲಿಲ್ಲ.
ಆ ಜ್ವರದ ವರ್ಷ ಮೂಗು ಹೋಯಿತಂತೆ, ಹಿಂದೆಯೇ ನಾಲಿಗೆ.
ಉಪ್ಪು ತಿರುಗಿ ಬಂತು. ಖಾರ ಸುಡುತ್ತದೆ.
ಹುಳಿ ಮಾತ್ರ ಹೋದದ್ದು ಹೋದದ್ದೇ.
ಕಂಬಳಿ ಸರಿಸಿ ಕೆನ್ನೆ ಒತ್ತಿ ಕೂತಳು,
ನನ್ನ ತಲೆಯನ್ನೂ ಹಿಡಿದು ಒತ್ತಿದಳು.

ಮೊದಲು ನನ್ನ ನಾಡಿಯೇ ಕೇಳಿಸಿತು. ಆಮೇಲೆ,
ದಿಂಬದ ಒಂಬತ್ತನೇ ತಿರುವಲ್ಲಿ ಆನೆ ಅಡ್ಡ ನಿಂತು,
ಎಂಜಿನ್ ಆರಿಸಿದ ಬಸ್ಸಿನೊಳಗೆ
ಐವತ್ತೈದು ಜನ ಉಸಿರಲ್ಲೇ ಮಾತಾಡಿಕೊಂಡ ಹಾಗೆ
ಪಿಸ ಪಿಸ, ಪಿಸ.
"ಈಗ ಕುದಿಸು," ಅಂದಳು.

ಕುದಿಸಿ ಆರಿದ್ದಕ್ಕೆ ಅವಳ ಚಿಪ್ಪಿನಿಂದ ಹೆಪ್ಪು,
ಯಾವಾಗಿನದೋ ಗಡಿಗೆಯ ತಳದ ಗಸಿ,
ಅದರ ತಾಯಿ ಯಾರು ಅಂತ ಅವಳಿಗೂ ನೆನಪಿಲ್ಲ.
ಇನ್ನೂ ಮೂರು ರಾತ್ರಿ.
ನನಗೆ ಆ ಮೂರೂ ದಿನ ಡ್ಯೂಟಿ.
ಚೆಕ್‌ಪೋಸ್ಟಿನಲ್ಲಿ ಪೊಲೀಸರು ಚೀಲ ತಡವಿದಾಗೆಲ್ಲ
ಇಪ್ಪತ್ತು ಮೈಲಿ ದೂರದ ಗಡಿಗೆ ನನ್ನ ಎದೆಯಲ್ಲಿ ನೊರೆ ಉಕ್ಕಿಸುತ್ತಿತ್ತು.

ರಜೆಯ ದಿನ ಸೋಸಿದೆ.
ಕೆಮ್ಮಣ್ಣಿನ ನೀರಿನಂಥ ಬಣ್ಣ, ತೆಳ್ಳನೆ ನೊರೆ.
ಒಂದು ಗುಟುಕು ಕುಡಿದೆ.
ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.
"ಯಾವ ಹುಳಿ?"

ಹುಣಸೆ, ಅಂದೆ.
"ಅಲ್ಲ, ಮುಖ ಹಂಗೆ ಆಗ್ಲಿಲ್ಲ."
ಮಜ್ಜಿಗೆ.
"ಅದು ಎಲ್ಲಾರೂ ಯೇಳ್ತಾರೆ, ಬುಡು."
ಮೂರು ದಿನದ ಅಂಬಲಿ?
ಉತ್ತರವಿಲ್ಲ.
ಇನ್ನೊಂದು ಗುಟುಕು. ಕಣ್ಣು ಮುಚ್ಚಿದೆ.
ಊರೂರಿನ ಹೆಸರು ಕೂಗಿ ಕೂಗಿ ಸವೆದ ನಾಲಿಗೆಗೆ
ಒಂದು ಹುಳಿಗೆ ಹೆಸರು ಗೊತ್ತಿಲ್ಲ.

ಕವಳೆಕಾಯಿ, ಅಂದೆ ಕೊನೆಗೆ.
ಬೀಜ ಬಲಿಯುವುದಕ್ಕೆ ಮುಂಚಿನದು.
ಕಚ್ಚಿದ ಮೇಲಿನ ಹುಳಿ ಅಲ್ಲ,
ಹಲ್ಲಿಗೆ ಇಟ್ಟು, ಇನ್ನೂ ಕಚ್ಚಿಲ್ಲ ನೋಡು,
ಆಗಿನ ಹುಳಿ.

ಕೇತಮ್ಮ ಸುಮ್ಮನಾದಳು.
ದವಡೆಯ ಹಿಂದೆ, ಕಿವಿಯ ಕೆಳಗೆ ಏನೋ ಸಣ್ಣಗೆ ಬಿಗಿಯಿತು.
ಸೆರಗಿನ ತುದಿಯಿಂದ ತುಟಿಯ ಅಂಚು ಒರೆಸಿಕೊಂಡಳು.
ಬಾಯಲ್ಲಿ ಊರಿದ್ದನ್ನು ನುಂಗಿದ ಸದ್ದು
ಗಡಿಗೆಯ ಸದ್ದಿಗಿಂತ ದೊಡ್ಡದಿತ್ತು.

ಲೋಟ ಈಸಿಕೊಂಡಳು, ಕುಡಿದು ಬೋರಲು ಹಾಕಿದಳು.
"ನೀರು ಒಸಿ ಜಾಸ್ತಿ ಆಯ್ತು ಕನಪ್ಪ."

ಎಷ್ಟು ಜಾಸ್ತಿ
ಅಂತ ನಾನು ಕೇಳಲಿಲ್ಲ.