ಎರಡನೇ ಗೇಟು, ಒಂದಕ್ಕ ಎಂಬತ್ತೇಳು

ನನ್ನ ಕಡೆ ಎರಡು ಸ್ಕೇಲ ಅದಾವ.

ಒಂದು ಉದ್ಯಮಬಾಗದ್ದು, ಫೌಂಡ್ರಿಯ ಪ್ಯಾಟರ್ನ ಖೋಲಿದು.
ಅದರ ಮ್ಯಾಲ ಇಂಚು ಅಂದರ ಇಂಚಲ್ಲ, ಕೂದಲೆಳಿಯಷ್ಟು ಹೆಚ್ಚು.
ಕರಗಿಸಿ ಹೊಯ್ದ ಬೀಡು ಆರುವಾಗ ಕುಗ್ಗತೈತಿ,
ಆ ಕುಗ್ಗೂದನ್ನ ಮೊದಲ ಕಟಿಗ್ಯಾಗ ಕೂಡಿಸಿ ಇಡಬೇಕು.
ಇಪ್ಪತ್ತಾರು ವರ್ಷ ನಾ ಮಾಡಿದ್ದು ಇಷ್ಟ:
ಬೇಕಾದ್ದಕ್ಕಿಂತ ತುಸು ದೊಡ್ಡದು.

ಇನ್ನೊಂದು ಮನ್ಯಾಗ, ಮಾಳಿಗಿ ಖೋಲ್ಯಾಗ.
ಅದರಾಗ ಎಂಬತ್ತೇಳು ಅಡಿ ಸೇರಿ ಒಂದಡಿ.
ನಾ ಐದೂವರಿ ಅಡಿ ಆಳು;
ಅಲ್ಲಿ ನಿಂತರ ಹತ್ತೊಂಬತ್ತು ಮಿಲಿ,
ಅರ್ಧಕ್ಕ ಮುರಿದ ಬೆಂಕಿಕಡ್ಡಿ.

ಅಂಗಡಿ ಹಳಿ ಹದಿನಾರೂವರಿ ಮಿಲಿ ಅಗಲ.
ನಮ್ಮ ಬ್ರಾಡಗೇಜು ಲೆಕ್ಕ ಹಾಕಿದರ ಹತ್ತೊಂಬತ್ತು ದಾಟತೈತಿ.
ಎರಡೂ ಮುಕ್ಕಾಲ ಮಿಲಿ ಸುಳ್ಳು.
ಮೂರು ರಾತ್ರಿ ನಿದ್ದಿ ಬರಲಿಲ್ಲ.
ನಾಕನೇ ರಾತ್ರಿ ಹಳಿ ಹಾಸಿದೆ.

ಜಲ್ಲಿಗೆ ಅಚ್ಚಿನ ಮಳಲು, ಸುಟ್ಟು ಕರ್ರಗಾಗಿದ್ದು,
ಇಂದ್ರವ್ವನ ಚಹಾ ಸೋಸೂ ಸಾಣಿಗಿಲೆ ಸೋಸಿದ್ದು
(ಹೊಸಾದು ತಂದುಕೊಟ್ಟೇನಿ, ಕಾರಣ ಹೇಳಿಲ್ಲ).
ಗಿಡಕ್ಕ ಒಣ ಹೀರಿಕಾಯಿ ನಾರು.
ಸಿಗ್ನಲ್ಲಿನ ಕೆಂಪು, ದೀವಳಿಗಿ ದೀಪದ ಸರದಾಗಿಂದು.

ತಿರುವಿಗೆ ಮಾತ್ರ ಉಪಾಯ ಇರಲಿಲ್ಲ.
ಹದಿನೆಂಟಿಂಚಿನೊಳಗ ಬಗ್ಗಿಸಿದರ ಡಬ್ಬಿ ಉರುಳತಾವ,
ಬಗ್ಗಿಸಲಿಲ್ಲ ಅಂದರ ಹಳಿ ಬಾಗಿಲಕ್ಕ ಅಡ್ಡ ಬರತೈತಿ.
ಬರಲಿ ಅಂದೆ.
ಒಂದು ಸಾಗವಾನಿ ಹಲಿಗಿ, ಎರಡು ಹಿತ್ತಾಳಿ ಕೀಲು:
ಎತ್ತಿದರ ಮನಿ, ಇಳಿಸಿದರ ರೈಲು.

ಈಗ ಇಂದ್ರವ್ವ ಚಹಾ ಹಿಡಕೊಂಡು ಹೊಸ್ತಲದಾಗ ನಿಂದರತಾಳ.
"ಗೂಡ್ಸೋ, ಪ್ಯಾಸೆಂಜರೋ?" ಅಂತಾಳ.
ಗೂಡ್ಸ ಅಂದರ
ಕಪ್ಪಿನ ಮ್ಯಾಲ ಬಸಿ ಮುಚ್ಚಿಟ್ಟು ಇಳಿದು ಹೋಗತಾಳ.

ಒಂದು ಐತವಾರ ದಸ್ತಗೀರಸಾಬ ಬಂದರು,
ಟಿಳಕವಾಡಿ ಎರಡನೇ ಗೇಟಿಗೆ ಬಾಳ ವರ್ಷ ಇದ್ದವರು.
ಕನ್ನಡಕ ತಗದು, ಗಲ್ಲ ಹಲಿಗಿಗೆ ಹಚ್ಚಿ,
ಕಣ್ಣು ಹಳಿ ಮಟ್ಟಕ್ಕ ತಂದು
ಸುಮ್ಮನ ನೋಡಿದರು.
ಗೇಟ ಛಲೋ ಐತಿ ಅಂದರು. ಸಿಗ್ನಲ್ಲೂ ಛಲೋ.
"ಮಂದಿ ತಪ್ಪ್ಯಾರ."

ನಾ ಮಾಡಿದ ಮಂದಿ ಇಪ್ಪತ್ತಮೂರು,
ಗೇಟಿನ ಆ ಕಡೆ ಈ ಕಡೆ
ರಸ್ತಾದ ಎಡಕ್ಕ ಸಾಲ ಹಿಡಿದು ನಿಂತಿದ್ದರು.

"ಹಿಂಗ ಯಾವಾಗ ನಿಂತಿದ್ದರೋ ಮೌನೇಶ?
ನೀನರ ನಿಂತಿದ್ದೇನು?
ಹಸರು ಸೈಕಲ್ಲು ವಾಲಿಸಿ, ಹ್ಯಾಂಡಲಿಗೆ ರೊಟ್ಟಿ ಡಬ್ಬಿ,
ತೊಲಿ ಕೆಳಗ ತೂರಿ ಹೋಗತಿದ್ದಿ. ಎಷ್ಟು ಬೈದೇನಿ ನಿನಗ!"

ಸೈಕಲ್ಲಿನ ಬಣ್ಣ ನನಗ ನೆನಪಿರಲಿಲ್ಲ.

ಸಂಜೀತನಕ ಮಂದೀನ ಕಿತ್ತಿದೆವು, ಚಿಮಟಿಗಿಲೆ.
ಒಬ್ಬೊಬ್ಬರ ಬೆನ್ನ ಕೊಯ್ದು, ಬಗ್ಗಿಸಿ, ಅಂಟಿಸಿದೆ.
ಅವರು ಬಟ್ಟ ತೋರಿಸಿದಲ್ಲೆಲ್ಲ ಇಟ್ಟೆ:
ಬಾಳಿಹಣ್ಣಿನ ಗಾಡಿ ಅರ್ಧ ಒಳಗ, ಅರ್ಧ ಹೊರಗ,
ಸಾಲಿ ಹುಡಿಗ್ಯಾರು ಮೂವರು, ಒಬ್ಬಾಕಿ ಚಪ್ಪಲಿ ಹಳಿ ನಡುವ;
ಉಳಿದವರು ಎರಡೂ ಕಡೆ ರಸ್ತಾ ತುಂಬ,
ಗೇಟ ತಗದ ಕೂಡಲೆ
ಯಾರಿಗೂ ಹಾದಿ ಸಿಗಬಾರದು ಹಂಗ.

ಕಡೀಕ ಸೈಕಲ್ಲಿನಾಂವ.
ಬಗ್ಗಿದ್ದಕ್ಕ ಹದಿನಾಕ ಮಿಲಿ ಆದ.
ಅವನ್ನ ಅಳಿಯುವಾಗ
ಯಾವ ಸ್ಕೇಲ ಹಿಡೀಲಿ ಅಂತ
ಒಂದು ಗಳಿಗಿ ತಿಳೀಲಿಲ್ಲ.

"ನಿಮ್ಮನ್ನ ಎಲ್ಲಿ ನಿಂದರಸಲಿ?" ಕೇಳಿದೆ.
"ನನ್ನ ಮಾಡಬ್ಯಾಡ. ಗುಮಟ್ಯಾಗ ಅದೇನಿ ಅಂತ ತಿಳಕೊ.
ಕಿಡಕಿ ಒಂದು ತಗದಿಡು,
ಬೈಗಳ ಹೊರಗ ಬರಾಕ."

ಗುಂಡಿ ಒತ್ತಿದೆ. ಗೇಟ ಬಿತ್ತು. ಕೆಂಪು ಹತ್ತಿತು.
ಪ್ಯಾಸೆಂಜರ ಗ್ವಾಡಿ ಮೂಲಿಯಿಂದ ಹೊಳ್ಳಿತು,
ಬಾಗಿಲದ ಹಲಿಗಿ ಮ್ಯಾಲ ಗಾಲಿ ಗರಗರ ಅಂದವು.
ಇಂದ್ರವ್ವ ಈ ಸಲ ಕೇಳಲಿಲ್ಲ.
ಸೆರಗ ಬಿಗದು, ಮೂರು ಕಪ್ಪಿನ ತಾಟ ಮುಂದ ಚಾಚಿ,
ಓಡೂ ರೈಲಿನ ಕೆಳಗ
ಬಗ್ಗಿ ಒಳಗ ಬಂದಳು. ಒಂದು ಹನಿ ಚೆಲ್ಲಲಿಲ್ಲ.

ದಸ್ತಗೀರಸಾಬ ಬೈಯಾಕ ಬಾಯಿ ತಗದವರು
ಚಹಾ ತಗೊಂಡರು.