ಗೂಟ

ನಮ್ಮ ಆಜೆಗೆ ಧ್ರುವನಕ್ಷತ್ರ ಒಂದು ಕಬ್ಬಿಣದ ಗೂಟ.
ತೆಮಿರ್‌ಕಜಿಕ್, ಅನ್ನುತ್ತಾಳೆ; ಹಲ್ಲಿಲ್ಲದ ಬಾಯಲ್ಲಿ
ಜಕಾರ ಜಾರಿ ಬರೀ ಗಾಳಿಯಾಗುತ್ತದೆ.
ಅದಕ್ಕೆ ಎರಡು ಕುದುರೆ ಕಟ್ಟಿದೆ, ಒಂದು ಬಿಳಿ, ಒಂದು ಬೂದು.
ಕದಿಯಲೆಂದು ಕಳ್ಳರು ಏಳು ಮಂದಿ
ರಾತ್ರಿಯೆಲ್ಲ ಸುತ್ತುತ್ತಾರೆ.
ಹಿಡಿದರೋ, ಅವತ್ತಿಗೆ ಲೋಕ ಮುಗಿಯಿತು.
ಇನ್ನೂ ಹಿಡಿದಿಲ್ಲ.
ಹಾಗಾದರೆ ಏಳು, ಒಲೆಗೆ ಬೆರಣಿ ಹಾಕು, ಅನ್ನುತ್ತಾಳೆ.

ಉಲಿತೌ ಬೆಟ್ಟದಿಂದ ಇತ್ತ ಮರವೆಂಬುದೇ ಇಲ್ಲದ ಬಯಲು.
ಇಲ್ಲಿ ಮೇಲಿಂದ ಬೀಳುವುದು ಎರಡೇ:
ಹಿಮ, ಮತ್ತು ರಾಕೆಟ್ಟಿನ ಚೂರು.
ಹಾರಿಸುವ ಹಿಂದಿನ ದಿನ ಜೀಪಿನಲ್ಲಿ ಗುಮಾಸ್ತ ಬಂದು
ಸಹಿ ಹಾಕಿಸಿಕೊಳ್ಳುತ್ತಾನೆ: ಮನೆಯೊಳಗಿರಿ,
ಮೂರು ದಿನ ಬಾವಿನೀರು ಮುಟ್ಟಬೇಡಿ.
ಕುರಿಗಳಿಗೆ ಇದನ್ನು ಯಾರು ಓದಿ ಹೇಳಬೇಕು?

ಅದು ಬಿದ್ದ ರಾತ್ರಿ ಆಕಾಶ ಒಮ್ಮೆ ಸೀನಿತು.
ನಾಯಿಗಳು ಬಾಲ ಮಡಚಿ ಒಳಗೆ ಬಂದವು.
ಬೆಳಕು ಹರಿಯುವ ಮುಂಚೆ ಸೆರಾಲಿ ಮಾವ ಒಂಟೆಬಂಡಿ ಹೂಡಿಕೊಂಡು ಹೋದ.
ತಗಡು ತಂದ, ಮೊಳದುದ್ದದ ಒಂದು ಸಲಾಕೆ ತಂದ,
ಬಲ ಅಂಗೈ ತುಂಬ ಗುಳ್ಳೆ ತಂದ.
ತಗಡು ಕುರಿಗಳ ಬಾನಿಯಾಯಿತು.
ಸಲಾಕೆ ಗೂಟವಾಯಿತು.
ಗುಳ್ಳೆ ಒಣಗಲೇ ಇಲ್ಲ.
ಈಗಲೂ ಮಾವ ಚಹಾ ಕೊಡುವುದು ಎಡಗೈಯಲ್ಲಿ;
ತಿಳಿಯದ ಅತಿಥಿಗಳು ಮುಖ ಗಂಟಿಕ್ಕುತ್ತಾರೆ.

ಅಮಂಕೋಸ್ ಮೇಷ್ಟ್ರು ಶಾಲೆಯ ಅಯಸ್ಕಾಂತ ತಂದು
ಗೂಟಕ್ಕೆ ಹಿಡಿದರು.
ಅಂಟಲಿಲ್ಲ. ಜಾರಿ ಹಿಮದಲ್ಲಿ ಹೂತುಹೋಯಿತು.
‘ಇದು ಕಬ್ಬಿಣವಲ್ಲ, ಆಜೆ.’
‘ನಿಮ್ಮ ಅಯಸ್ಕಾಂತಕ್ಕೆ ಚಳಿ’ ಅಂದಳು ಆಜೆ.

ಹರೆಯದಲ್ಲಿ ಮೇಷ್ಟ್ರು ಸಮರ್‌ಖಂಡಕ್ಕೆ ಹೋಗಿದ್ದರಂತೆ,
ಎರಡು ಹಗಲು ರೈಲಿನಲ್ಲಿ, ಕಲ್ಲಂಗಡಿ ಮೂಟೆಗಳ ನಡುವೆ.
ಅಲ್ಲೊಂದು ಗುಡ್ಡ. ಗುಡ್ಡದ ಹೊಟ್ಟೆ ಸೀಳಿ
ಕತ್ತಲೊಳಕ್ಕೆ ಇಳಿಯುವ ಕಲ್ಲಿನ ಕಮಾನು,
ಕಲ್ಲಿನ ಮೇಲೆ ಗೀರು, ಗೀರಿಗೊಂದು ಅಂಕೆ.
ಆಕಾಶ ಅಳೆಯಲು ಹೊರಟವರು ಮೊದಲು ನೆಲ ಅಗೆದಿದ್ದರು.
ದೊರೆ ಊರುಗಳಿಗಿಂತ ಹೆಚ್ಚು ಚುಕ್ಕಿಗಳ ಲೆಕ್ಕ ಇಟ್ಟ;
ಮಗನೇ ಕೊಲ್ಲಿಸಿದ.
ಗೋಡೆ ಕೆಡವಿದವರಿಗೆ ನೆಲದೊಳಗಿನ ತುಂಡು ಕಾಣಲಿಲ್ಲ.
ಪಾರಸಿ ಅಂಕಿಗಳ ಹೊತ್ತಗೆ ಯಾರದೋ ಚೀಲದಲ್ಲಿ ಗಡಿ ದಾಟಿತು.
‘ಆ ಹೊತ್ತಗೆಯಲ್ಲಿದೆ, ಆಜೆ: ಆಕಾಶದ ಗೂಟವೂ ಸರಿಯುತ್ತದೆ,
ಒಂದು ಆಯುಷ್ಯಕ್ಕೆ ಒಂದಿಷ್ಟು.’
ಆಜೆ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.
‘ಗೂಟ ಅಂದ ಮೇಲೆ ಸಡಿಲಾಗದೆ ಇರುತ್ತದೆಯೇ?
ಇಷ್ಟಕ್ಕೆ ಗುಡ್ಡ ಅಗೆಯಬೇಕಿತ್ತೇ?’

ಆ ರಾತ್ರಿ ಮಾತ್ರ
ಹೊಗೆಕೊಳವೆಯ ತುದಿಗೆ ಚುಕ್ಕಿಯನ್ನು ಕೂರಿಸಿ
ಒಂದು ಕಣ್ಣು ಮುಚ್ಚಿಕೊಂಡು
ಬಹಳ ಹೊತ್ತು ನಿಂತೇ ಇದ್ದಳು.

ಆಮೇಲೊಂದು ಏಪ್ರಿಲ್. ಸುಟ್ಟ ಗಡಿಗೆಯಂಥದ್ದು
ಪಟ್ಟೆ ಪಟ್ಟೆ ಕೊಡೆ ಬಿಚ್ಚಿಕೊಂಡು ಇಳಿಯಿತು,
ನಮ್ಮ ಹಿಂಡಿನಿಂದ ಎರಡು ಕೂಗಳತೆ ದೂರ.
ಹೆಲಿಕಾಪ್ಟರಿನವರ ಜೊತೆಜೊತೆಗೇ ತಲುಪಿದಳು ಆಜೆ, ಕುದುರೆ ಮೇಲೆ.
ಒಳಗಿಂದ ಒಬ್ಬ ಹೆಂಗಸನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು.
ಆಗಷ್ಟೇ ಹುಟ್ಟಿದ ಮರಿಯ ಕಾಲು ಅವಳದು, ನೆಲ ಒಪ್ಪುತ್ತಿರಲಿಲ್ಲ.
ಜೇಬಿನಿಂದ ಒಣಮೊಸರಿನ ಉಂಡೆ ತೆಗೆದು ಅವಳ ಕೈಗಿಟ್ಟು
ಆಜೆ ಕೇಳಿದಳು: ‘ಮೇಲೆ ಗೂಟ ಭದ್ರವಾಗಿದೆಯೇ?’
ಯಾರೋ ಅದನ್ನು ರಷ್ಯನ್ನಿಗೆ ತಿರುಗಿಸಿದರು. ಅವಳು ತಡೆದು ತಡೆದು ಅಂದಳು,
‘ಅಲ್ಲಿ ಯಾವ ಚುಕ್ಕಿಯೂ ಮಿನುಗುವುದಿಲ್ಲ, ತಾಯಿ.’

ಮನೆಗೆ ಬಂದ ಆಜೆ ಸಂಜೆಯವರೆಗೆ ಮಾತಾಡಲಿಲ್ಲ.
ದೀಪ ಹಚ್ಚುವಾಗ ತನಗೆ ತಾನೇ ಅಂದುಕೊಂಡಳು:
‘ಮಿನುಗದಿದ್ದರೆ ಆ ಕುದುರೆಗಳು ಉಸಿರಾಡುವುದು ಹೇಗೆ?’

ನಿನ್ನೆ ರಾತ್ರಿ ಗಬ್ಬದ ಬೂದು ಕುದುರೆಯನ್ನು
ಸೆರಾಲಿ ಮಾವನ ಗೂಟಕ್ಕೆ ಕಟ್ಟಿದ್ದೆ. ತೋಳದ ವಾಸನೆಗೋ ಏನೋ
ಬೆಳಗಿನವರೆಗೆ ಅದು ಸುತ್ತಿದೆ.
ಹಿಮದ ಮೇಲೆ ಒಂದು ವೃತ್ತ, ಗೊರಸು ಗೊರಸಾಗಿ,
ತೆಂಕಣ ಕಡೆ ಮಾತ್ರ ಒಂದು ಗೇಣು ಸೊಟ್ಟ.
ಗೂಟ ಹಿಡಿದು ನೋಡಿದೆ. ಅಲುಗುತ್ತದೆ.

ಒಳಗಿಂದ ಆಜೆ ಕೂಗುತ್ತಿದ್ದಾಳೆ, ಕಲ್ಲು ತಂದು ಹೊಡಿ ಅಂತ.
ಹುಡುಕುತ್ತಿದ್ದೇನೆ.
ಈ ಬಯಲಿನಲ್ಲಿ ಕಲ್ಲೂ ಸುಲಭಕ್ಕೆ ಸಿಗುವುದಿಲ್ಲ.