ಕಲಂ ಏಳು

ಸೊಹಾರಿನ ಈ ಶಾಲೆಯಲ್ಲಿ ನನ್ನದು ಫೀ ಕೌಂಟರು.
ಗಾಜಿಗೊಂದು ಅರ್ಧಚಂದ್ರದ ಕಿಂಡಿ.
ಹತ್ತೊಂಬತ್ತು ವರ್ಷ ಅದರಲ್ಲಿ ಬರೀ ಕೈಗಳನ್ನು ಕಂಡಿದ್ದೇನೆ:
ಗ್ರೀಸು ಮೆತ್ತಿದ ಕೈ, ಮೆಹಂದಿ ಮಾಸಿದ ಕೈ,
ಎಣಿಸಿ, ಮತ್ತೆ ಎಣಿಸಿ,
ಒಂದು ನೋಟು ಕಡಿಮೆಯೆಂದು ಗೊತ್ತಿದ್ದೇ ಚಾಚುವ ಕೈ.

ಮೊದಲು ದಾನ ಲಕೋಟೆಯಲ್ಲಿ ಬರುತ್ತಿತ್ತು,
ರಂಜಾನಿಗೆ ಜಾಸ್ತಿ, ಬೇಸಗೆಗೆ ಸೊನ್ನೆ.
ಕೊಟ್ಟವರಿಗೊಂದು ಫೋಟೋ ಬೇಕು.
ನಾನು ಆರನೇ ಬಿ ಬಾಗಿಲಲ್ಲಿ ನಿಂತು
"ರುಬೀನಾ ಕೋಲ, ಲತೀಶ್ ಕುಂದರ್, ಸ್ವಲ್ಪ ಬನ್ನಿ" ಅಂದರೆ
ಮಿಕ್ಕ ಮೂವತ್ತು ತಲೆಗಳು ಪುಸ್ತಕದಿಂದ ಏಳುತ್ತಿದ್ದವು.
ಲತೀಶ ತನ್ನ ಶೂ ನೋಡಿಕೊಂಡೇ ಬರುತ್ತಿದ್ದ.
"ನಗು ಮಗಾ" ಅಂದವಳೂ ನಾನೇ.

ಬಂದರಿನ ಕಂಪನಿ ನಾಲ್ಕು ತಿಂಗಳು ಸಂಬಳ ಹಿಡಿದ ವರ್ಷ
ನನ್ನ ಬಾಕಿ ಪಟ್ಟಿ ಹಾಳೆಯಿಂದ ಹಾಳೆಗೆ ಹರಿಯಿತು.
ಆಗ ಬಂದರು ಟ್ರಸ್ಟಿನವರು.
ಹಡಗಿಗೆ ಹಗ್ಗ ಮಾರಿದ ಮುದುಕನೊಬ್ಬ ಬಿಟ್ಟುಹೋದ ದತ್ತಿ.
ಲಕೋಟೆ ತರಲಿಲ್ಲ, ವಕೀಲನನ್ನು ತಂದರು.
ಮಕ್ಕಳ ಫೀಸಿಗೂ ಕರಾರೇ, ಬಾಡಿಗೆ ಮನೆಯೇ ಇದು
ಎಂದು ಒಳಗೊಳಗೇ ಬೈದೆ.

ಹದಿನಾಲ್ಕು ಪುಟ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಅರಬ್ಬಿ.
ನಮ್ಮ ಪ್ರಿನ್ಸಿಪಾಲರು ಎಡದಿಂದ ಓದುತ್ತ ಹೋದರು,
ಟ್ರಸ್ಟಿನ ಹಮೂದ್ ಬಲದಿಂದ ಓದುತ್ತ ಬಂದರು,
ನಡುಗೆರೆಯ ಹತ್ತಿರ ಇಬ್ಬರ ಬೆರಳೂ ನಿಂತವು. ಕಲಂ ಏಳು.
ನಾನು ಮನಸ್ಸಿನಲ್ಲೇ ಕನ್ನಡಿಸಿಕೊಂಡೆ:

ಫಲಾನುಭವಿಯ ಹೆಸರನ್ನು ದಾನಿಗೂ
ದಾನಿಯ ಹೆಸರನ್ನು ಫಲಾನುಭವಿಗೂ
ಯಾವ ಕಾರಣಕ್ಕೂ ತಿಳಿಸತಕ್ಕದ್ದಲ್ಲ.

ತಕ್ಕದ್ದಲ್ಲ!
ಊರ ಕೋರ್ಟಿನ ಮಾತು, ಒಣಗಿದ ತೆಂಗಿನ ಮಡಲು.
ಅದನ್ನು ಹೆಣೆದರೆ ಒಬ್ಬ ಹುಡುಗನ ಮುಖಕ್ಕೆ
ನೆರಳಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಬೇಸಗೆಯಲ್ಲೂ ಹಣ ಬರುತ್ತದೆ,
ಐದನೇ ತಾರೀಕಿಗೆ, ಕರೆಂಟ್ ಬಿಲ್ಲಿನ ಹಾಗೆ,
ಯಾರ ಮನಸ್ಸೂ ಕರಗಬೇಕಾಗಿಲ್ಲ.
ಲೆಕ್ಕ ಮಾತ್ರ ಬಿಗಿ.
ಎರಡೂವರೆ ರಿಯಾಲು ತಾಳೆಯಾಗದೆ
ಮೊನ್ನೆ ರಾತ್ರಿ ಎಂಟರವರೆಗೆ ಕೂತಿದ್ದೆ,
ಕಾವಲಿನವನು ದೀಪ ಆರಿಸಲೇ ಎಂದು ಎರಡು ಸಲ ಇಣುಕಿದ.

ನಿನ್ನೆ ಕಿಂಡಿಯಲ್ಲಿ ಶಾಯಿ ಮೆತ್ತಿದ ಪುಟ್ಟ ಕೈ.
"ಆಂಟೀ, ನಮ್ಮ ಫೀಸು ಅಪ್ಪ ಕಟ್ಟಿದ್ರಾ?"
ಪ್ರಿಂಟರು ರಸೀದಿ ಉಗುಳಿತು. ಸಂದಿದೆ.
'ಯಾರಿಂದ' ಎಂಬಲ್ಲಿ ಬಿಳೀ ಜಾಗ.
"ಕಟ್ಟಿ ಆಗಿದೆ, ಹೋಗು" ಅಂದೆ.
ಕರ್ತೃವಿಲ್ಲದ ವಾಕ್ಯ;
ಕನ್ನಡ ಮೇಷ್ಟ್ರು ಇದ್ದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದರೇನೋ.

ಲತೀಶ ಓಡಿದ, ಬಿಸಿಲಿಗೆ, ಚೆಂಡಿನ ಕಡೆಗೆ.
ಒಂದು ಶೂವಿನ ಲೇಸು ಬಿಚ್ಚಿತ್ತು.
ಅವನು ನೋಡಲೇ ಇಲ್ಲ.